ಕೊಮೇನಿಯಸನ ಚಿತ್ರಪುಸ್ತಕದಲ್ಲಿ ಮಾನವದೇಹದ ಪಾಠ

ಶಿಕ್ಷಣದ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಕೊಮೇನಿಯಸನ ಹೆಸರು ಅಪರಿಚಿತವಾದುದಲ್ಲ. ೧೬೫೮ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾದ ಅವನ ‘ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್’, ಅಂದರೆ ‘ಇಂದ್ರಿಯಗೋಚರ ಜಗತ್ತಿನ ಚಿತ್ರಣ’ವು ಮಕ್ಕಳ ಸಚಿತ್ರ ಪಾಠಪುಸ್ತಕಗಳಿಗೆಲ್ಲ ಮೂಲವೆಂದು ಹೇಳಿ ಮುಂದೆ ಸಾಗುವುದು ನಮ್ಮ ಪಠ್ಯಗ್ರಂಥಗಳ ವಾಡಿಕೆ. ಆ ಪುಸ್ತಕವನ್ನು ತೆರೆದು ಅದರ ಒಂದು ಪಾಠವನ್ನಾದರೂ ಎಚ್ಚರದಿಂದ ಪರೀಕ್ಷಿಸುವ ಶ್ರಮವನ್ನು ತೆಗೆದುಕೊಳ್ಳುವವರು ವಿರಳ. ಪ್ರಸ್ತುತ ಲೇಖನದಲ್ಲಿ ನಾವು ಮಾನವದೇಹವನ್ನು ಕುರಿತ ಕೆಲವು ಪಾಠಗಳನ್ನು ಮಾತ್ರ ಎತ್ತಿಕೊಂಡು, ಎಳೆಯ ಮಕ್ಕಳಿಗೆ ಚಿತ್ರದ ಮೂಲಕ ಅಂಗಾಂಗಗಳನ್ನು ಕಲಿಸುವ ಕ್ರಮದ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ವಿಚಾರಮಾಡಲು ಬಯಸುತ್ತೇವೆ.

ಮೊದಲು ಗ್ರಂಥದ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯುವುದು ಯುಕ್ತ. ಕೊಮೇನಿಯಸನು ೧೫೯೨ರಲ್ಲಿ ಮೊರೇವಿಯಾ ಪ್ರಾಂತದಲ್ಲಿ ಹುಟ್ಟಿದನು. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ, ತನ್ನ ಮತದ ಕಾರಣದಿಂದ ೧೬೨೮ರಲ್ಲಿ ದೇಶಭ್ರಷ್ಟನಾಗಿ ಪೋಲೆಂಡಿನ ಲೆಶ್ನೋ ಪಟ್ಟಣವನ್ನು ಸೇರಿದನು. ೧೬೫೦ರಿಂದ ೧೬೫೪ರವರೆಗೆ ಹಂಗೆರಿಯ ಶಾರೋಶ್‌ಪಟಾಕ್‌ನಲ್ಲಿ ಪಾಠಶಾಲೆಯನ್ನು ನಡೆಸಿದಾಗ ಈ ಪುಸ್ತಕದ ರಚನೆಯಾಯಿತು. ೧೬೫೬ರಲ್ಲಿ ಲೆಶ್ನೋ ಪಟ್ಟಣವು ಯುದ್ಧದಲ್ಲಿ ಸುಟ್ಟುಹೋದಾಗ ಅವನ ಅನೇಕ ಹಸ್ತಪ್ರತಿಗಳೂ ಭಸ್ಮವಾದವು. ಅದಾದ ಎರಡು ವರ್ಷಗಳಿಗೆ ಈ ಚಿತ್ರಪುಸ್ತಕವು ಬೆಳಕನ್ನು ಕಂಡಿತು. ಪ್ರತಿ ಪಾಠಕ್ಕೂ ಒಂದು ಮರದಚ್ಚಿನ ಚಿತ್ರ, ಚಿತ್ರದೊಳಗೆ ಅಂಕೆಗಳು, ಅದರ ಕೆಳಗೆ ಲ್ಯಾಟಿನ್ ವಾಕ್ಯಗಳು, ಪಕ್ಕದಲ್ಲಿ ಅವುಗಳ ಜರ್ಮನ್ ಅನುವಾದ. ವಾಕ್ಯದಲ್ಲಿ ವಸ್ತುವಿನ ಹೆಸರು ಬಂದೆಡೆಯಲ್ಲಿ ಚಿತ್ರದ ಅಂಕೆಯೇ ಬರುತ್ತದೆ. ವಸ್ತುವನ್ನರಿಯದೆ ಬರಿಯ ಪದಗಳನ್ನು ಉರುಹೊಡೆಯುತ್ತಿದ್ದ ಅಂದಿನ ಲ್ಯಾಟಿನ್ ಶಾಲೆಗಳಿಗೆ ಇದು ನಿಜಕ್ಕೂ ಹೊಸ ದಾರಿಯಾಗಿತ್ತು.

ದೇಹದ ಹೊರಗಣ ಅಂಗಗಳ ಪಾಠವನ್ನು ಮೊದಲು ನೋಡೋಣ. ತಲೆಯಿಂದ ಆರಂಭವಾಗುವ ಅಂಕೆಗಳು ಕಾಲಿನ ಹೆಬ್ಬೆರಳಿನ ಹೊತ್ತಿಗೆ ೨೯ನ್ನು ಮುಟ್ಟುತ್ತವೆ. ಕಂಕುಳು, ಗಂಟಲು, ಎದೆ, ಬೆನ್ನು, ಹೊಟ್ಟೆ, ಹೊಕ್ಕುಳು, ಮೊಣಕೈ, ಮೀನಖಂಡ, ಹಿಮ್ಮಡಿ, ಅಂಗಾಲು – ಒಂದನ್ನೂ ಬಿಟ್ಟಿಲ್ಲ. ಗುಹ್ಯಾಂಗಗಳ ಹೆಸರನ್ನು ಸಹ ಲೇಖಕನು ಮುಚ್ಚಿಡದೆ ಹೇಳಿದ್ದಾನೆ; ಅದಕ್ಕೆ ಅಂಕೆಯನ್ನು ಮಾತ್ರ ಕೊಟ್ಟಿಲ್ಲ. ಧರ್ಮಗುರುವೇ ಆಗಿದ್ದ ಹದಿನೇಳನೆಯ ಶತಮಾನದ ಲೇಖಕನೊಬ್ಬನ ಈ ಸಹಜತೆ ಗಮನಾರ್ಹವಾದುದು.

ತಲೆ ಮತ್ತು ಕೈಗಳ ಪಾಠವು ಇದಕ್ಕಿಂತಲೂ ಸೊಗಸಾಗಿದೆ. ಕೂದಲನ್ನು ಹೇಳುವಾಗ ಅದನ್ನು ಬಾಚುವ ಬಾಚಣಿಗೆಯನ್ನೂ ಅಂಕೆಯಿಟ್ಟು ತೋರಿಸಲಾಗಿದೆ. ಮುಚ್ಚಿದ ಕೈ ಮುಷ್ಟಿ, ತೆರೆದ ಕೈ ಅಂಗೈ ಎಂದು ಒಂದೇ ಅಂಗದ ಎರಡು ಸ್ಥಿತಿಗಳನ್ನು ಬೇರ್ಪಡಿಸಲಾಗಿದೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಹೆಸರಿಸಿ, ಒಂದೊಂದು ಬೆರಳಿಗೆ ಮೂರು ಮೂರು ಗೆಣ್ಣುಗಳೆಂದು ಎಣಿಸಲಾಗಿದೆ. ಬೆರಳ ಗೆಣ್ಣುಗಳ ಮೇಲೆಯೇ ಲೆಕ್ಕ ಹಾಕುವ ನಮ್ಮ ನಾಡಿನ ಹಿರಿಯರನ್ನು ಕಂಡವರಿಗೆ ಈ ಪಾಠದ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವು ಓದುತ್ತಿರುವಂತೆಯೇ ತನ್ನ ಕೈಯನ್ನು ಮಡಿಸಿ, ಬಿಡಿಸಿ, ಎಣಿಸಿ ಪಾಠದ ಸತ್ಯವನ್ನು ತಾನೇ ಪರೀಕ್ಷಿಸಬಹುದು.

ಇದು ಆಕಸ್ಮಿಕವಲ್ಲ. ಗ್ರಂಥದ ಮುನ್ನುಡಿಯಲ್ಲಿ ಲೇಖಕನು ಉಪಾಧ್ಯಾಯರಿಗೆ ಕೆಲವು ಸೂಚನೆಗಳನ್ನು ಕೊಟ್ಟಿದ್ದಾನೆ. ಶಾಲೆಗೆ ಸೇರುವ ಮೊದಲೇ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು ಚಿತ್ರಗಳನ್ನು ನೋಡಿ ನಲಿಯಲು ಬಿಡಬೇಕು. ಹೆಸರಿಸಲಾಗದ ಯಾವುದನ್ನೂ ನೋಡದಂತೆ, ತೋರಿಸಲಾಗದ ಯಾವುದನ್ನೂ ಹೆಸರಿಸದಂತೆ ಮಗುವನ್ನು ಆಗಾಗ ಪ್ರಶ್ನಿಸಬೇಕು. ಹೆಸರಿಸಿದ ವಸ್ತುವನ್ನು ಚಿತ್ರದಲ್ಲಿ ಮಾತ್ರವಲ್ಲದೆ ಸಾಕ್ಷಾತ್ತಾಗಿಯೂ ತೋರಿಸಬೇಕು. ಮಕ್ಕಳು ಚಿತ್ರಗಳನ್ನು ತಾವೇ ಬರೆಯಲು ಉತ್ತೇಜನ ಕೊಡಬೇಕು. ಈ ಪೈಕಿ ಮೂರನೆಯ ಸೂಚನೆಗೆ ಅವನು ಕೊಟ್ಟಿರುವ ಉದಾಹರಣೆಗಳಲ್ಲಿ ಮೊಟ್ಟಮೊದಲನೆಯದು ದೇಹದ ಅಂಗಗಳೇ. ಎಂದರೆ, ಚಿತ್ರವು ಮಗುವಿನ ದೇಹದ ಕಡೆಗೆ ಕೈತೋರುವ ಸಾಧನವೇ ಹೊರತು ದೇಹಕ್ಕೆ ಬದಲಾಗಿ ನಿಲ್ಲತಕ್ಕದ್ದಲ್ಲ. ಈ ಸೂಚನೆಯನ್ನೇ ಒರೆಗಲ್ಲನ್ನಾಗಿ ಮಾಡಿಕೊಂಡು ಅವನ ಗ್ರಂಥವನ್ನು ಅಳೆಯುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.

ಹಾಗೆ ಅಳೆದಾಗ ಮೊದಲು ತೋರಿಬರುವ ತೊಡಕು ಅಂಕೆಗೆ ಸಂಬಂಧಿಸಿದ್ದು. ಅಂಕೆಯು ಒಂದು ಬಿಂದುವನ್ನು ತೋರಿಸುತ್ತದೆ. ಅಂಗದ ಎಲ್ಲೆಯನ್ನು ತೋರಿಸುವುದಿಲ್ಲ. ಅಂಗವು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಿರ್ಣಯಿಸುವುದು ಭಾಷೆ. ಲ್ಯಾಟಿನ್ ಪಾಠದಲ್ಲಿ ‘ಪೇಸ್’ ಎಂಬ ಪದವು ಮೊದಲು ದೇಹದ ಕೆಳತುದಿಗೆ, ೨೦ ಎಂಬ ಅಂಕೆಯೊಡನೆ ಬರುತ್ತದೆ. ಮುಂದೆ ಅದೇ ಪದದ ಅಡಿಯಲ್ಲಿಯೇ ತೊಡೆ, ಮೊಣಕಾಲು, ಮೀನಖಂಡ, ಹಿಮ್ಮಡಿಗಳನ್ನೆಲ್ಲ ಸೇರಿಸಲಾಗಿದೆ. ೧೬೫೯ರಲ್ಲಿ ಇದನ್ನು ಲಂಡನ್ನಿನಲ್ಲಿ ಇಂಗ್ಲಿಷಿಗೆ ತಂದ ಉಪಾಧ್ಯಾಯ ಚಾರ್ಲ್ಸ್ ಹೂಲನು ಎರಡು ಕಡೆಯಲ್ಲಿಯೂ ‘ಫುಟ್’ ಎಂಬ ಪದವನ್ನೇ ಹಾಕಿದನು. ತೊಡೆಯು ‘ಫುಟ್’ನ ಒಂದು ಭಾಗವೆಂದು ಓದಿದ ಇಂಗ್ಲಿಷ್ ಬಾಲಕನಿಗೆ ಗೊಂದಲವಾಗದೆ ಇರದು. ಕನ್ನಡದ ಮಗುವಿಗಾದರೋ ಇಲ್ಲಿ ತೊಡಕೇ ಇಲ್ಲ. ನಮ್ಮ ‘ಕಾಲು’ ಪಾದವೂ ಹೌದು, ಸೊಂಟದಿಂದ ಕೆಳಗಿನ ಇಡೀ ಅವಯವವೂ ಹೌದು. ಅಂಗಾಲು, ಮೊಣಕಾಲು ಎಂಬ ಪದಗಳೇ ಇದಕ್ಕೆ ಸಾಕ್ಷಿ. ಅಂಗೈ, ಮುಂಗೈ, ಮೊಣಕೈಗಳ ವಿಷಯವೂ ಹೀಗೆಯೇ. ಆದ್ದರಿಂದ ಇಂಗ್ಲಿಷಿನ ದೇಹಪಟವನ್ನು ಹಾಗೆಯೇ ಕನ್ನಡಿಸಿ, ಒಂದು ಗೆರೆಯ ತುದಿಯಲ್ಲಿ ‘ಕೈ’ ಎಂದೂ ಮತ್ತೊಂದರ ತುದಿಯಲ್ಲಿ ‘ತೋಳು’ ಎಂದೂ ಬರೆದು, ತೋಳನ್ನು ಮುಟ್ಟಿ ‘ಕೈ’ ಎಂದ ಮಗುವಿನ ಉತ್ತರವನ್ನು ತಪ್ಪೆಂದು ತಳ್ಳಿದರೆ, ತಪ್ಪು ಮಗುವಿನದಲ್ಲ. ಒಂದೇ ಚಿತ್ರವು ಎಲ್ಲ ಭಾಷೆಗಳ ಮಕ್ಕಳಿಗೂ ಒಂದೇ ಪಾಠವನ್ನು ಹೇಳುತ್ತದೆಂಬ ನಂಬಿಕೆಯು ಪರೀಕ್ಷೆಗೆ ನಿಲ್ಲುವುದಿಲ್ಲ.

ಎರಡನೆಯ ತೊಡಕು ಇದಕ್ಕಿಂತ ಆಳವಾದುದು. ಹೊರಗಣ ಅಂಗಗಳನ್ನು ಮುಗಿಸಿದ ಮೇಲೆ ಪುಸ್ತಕವು ಚರ್ಮವನ್ನು ಸುಲಿದು ಮಾಂಸಖಂಡಗಳನ್ನೂ, ಒಡಲನ್ನು ತೆರೆದು ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳನ್ನೂ ತೋರಿಸುತ್ತದೆ. ಸ್ನಾಯುಗಳು ೪೦೫ ಎಂದು ಎಣಿಕೆಯನ್ನು ಕೊಡುತ್ತದೆ. ಈಗಿನ ಎಣಿಕೆಯಂತೆ ಅವು ೬೦೦ಕ್ಕೂ ಹೆಚ್ಚು. ಅನಂತರದ ಪಾಠದಲ್ಲಿ ಸಿರೆಗಳು ಯಕೃತ್ತಿನಿಂದ ರಕ್ತವನ್ನೂ, ಧಮನಿಗಳು ಹೃದಯದಿಂದ ಉಷ್ಣವನ್ನೂ ಪ್ರಾಣವನ್ನೂ ದೇಹಕ್ಕೆ ಒಯ್ಯುತ್ತವೆ ಎಂದಿದೆ. ಇದು ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನನ ಮತ. ವಿಲಿಯಂ ಹಾರ್ವೆಯು ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುತ್ತದೆಂದು ತೋರಿಸಿದ ಗ್ರಂಥವನ್ನು ೧೬೨೮ರಲ್ಲಿಯೇ, ಎಂದರೆ ಮೂವತ್ತು ವರ್ಷಗಳ ಹಿಂದೆಯೇ, ಪ್ರಕಟಿಸಿದ್ದನು. ಹಾರ್ವೆಯು ೧೬೫೭ರಲ್ಲಿ ತೀರಿಕೊಂಡನು. ಅವನು ವೈದ್ಯನಾಗಿ ಬಾಳಿದ ಲಂಡನ್ನಿನಲ್ಲಿಯೇ, ಎರಡು ವರ್ಷಗಳ ಮೇಲೆ, ಹೂಲನ ಅನುವಾದದ ಮೂಲಕ ಮಕ್ಕಳು ಯಕೃತ್ತಿನಿಂದ ಹೊರಡುವ ರಕ್ತದ ಪಾಠವನ್ನು ಓದತೊಡಗಿದರು.

ಕೊಮೇನಿಯಸನನ್ನು ಇದಕ್ಕಾಗಿ ನಿಂದಿಸುವುದು ನಮ್ಮ ಉದ್ದೇಶವಲ್ಲ. ಅವನು ವೈದ್ಯನಲ್ಲ, ಹಾರ್ವೆಯ ಮತವನ್ನು ಕೂಡಲೇ ಒಪ್ಪದಿದ್ದ ವೈದ್ಯರೂ ಅಂದು ಇದ್ದರು. ನಾವು ಗಮನಿಸಬೇಕಾದುದು ಬೇರೆ. ಬೆರಳಿಗೆ ಮೂರು ಗೆಣ್ಣುಗಳೆಂಬ ಪಾಠವು ಇಂದಿಗೂ ಸುಳ್ಳಾಗಿಲ್ಲ. ಯಕೃತ್ತಿನ ಪಾಠವು ಅಚ್ಚಾದ ದಿನವೇ ಹಳತಾಗಿತ್ತು. ಮೊದಲನೆಯದನ್ನು ಮಗುವು ತನ್ನ ಮೈಯಲ್ಲಿ ಪರೀಕ್ಷಿಸಬಲ್ಲುದು. ಎರಡನೆಯದನ್ನು ನಂಬುವುದಲ್ಲದೆ ಬೇರೆ ದಾರಿಯಿಲ್ಲ. ಆದರೆ ಪುಟದ ಮೇಲೆ ಎರಡೂ ಒಂದೇ ಬಗೆಯ ಗೆರೆಗಳಲ್ಲಿ, ಒಂದೇ ಬಗೆಯ ಅಂಕೆಗಳೊಡನೆ, ಒಂದೇ ಅಧಿಕಾರವಾಣಿಯಿಂದ ನಿಂತಿವೆ. ಇಂದ್ರಿಯಗಳ ಮೂಲಕ ಕಲಿಸುತ್ತೇನೆಂದು ಹೊರಟ ಪುಸ್ತಕವು ಇಲ್ಲಿ ತನಗರಿವಿಲ್ಲದೆಯೇ ಆಪ್ತವಾಕ್ಯವನ್ನು ಇಂದ್ರಿಯಪ್ರತ್ಯಕ್ಷವೆಂಬಂತೆ ಮಕ್ಕಳ ಮುಂದಿಟ್ಟಿದೆ.

ಇದಕ್ಕೆ ಒಂದು ಅಪವಾದವುಂಟು. ಆತ್ಮವನ್ನು ಕುರಿತ ಪಾಠದಲ್ಲಿ ಚಿತ್ರಕಾರನು ಮನುಷ್ಯಾಕೃತಿಯನ್ನು ಗೆರೆಯಿಂದ ಬರೆಯದೆ ಬರಿಯ ಚುಕ್ಕೆಗಳಿಂದ ಸೂಚಿಸಿದ್ದಾನೆ. ಇದನ್ನು ಕಂಡು ನಗುವವರುಂಟು. ನಮಗಾದರೋ ಅದು ಇಡೀ ಗ್ರಂಥದ ಅತ್ಯಂತ ಪ್ರಾಮಾಣಿಕವಾದ ಚಿತ್ರಗಳಲ್ಲೊಂದೆಂದು ತೋರುತ್ತದೆ. ಕಣ್ಣಿಗೆ ಕಾಣದುದನ್ನು ಕಂಡುದರಂತೆ ಬರೆಯಲಾಗದೆಂದು ಚಿತ್ರವೇ ಅಲ್ಲಿ ಒಪ್ಪಿಕೊಂಡಿದೆ. ಆತ್ಮದ ವಿಷಯದಲ್ಲಿ ತೋರಿದ ಈ ವಿನಯವನ್ನು ಯಕೃತ್ತಿನ ವಿಷಯದಲ್ಲಿಯೂ ತೋರಿದ್ದರೆ ಗ್ರಂಥದ ಬೆಲೆ ಇನ್ನೂ ಹೆಚ್ಚುತ್ತಿತ್ತು.

ಚಿತ್ರಗಳೇ ಬೇಡವೆಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ತನ್ನ ಬೆನ್ನನ್ನೂ ಹೆಗಲ ಮೂಳೆಯನ್ನೂ ಯಾವ ಮಗುವೂ ತಾನೇ ನೋಡಿಕೊಳ್ಳಲಾರದು; ಅಲ್ಲಿ ಚಿತ್ರವು ಕಣ್ಣಿಗೆ ಕಣ್ಣಾಗುತ್ತದೆ. ಆದರೆ ಸಾಧನವು ಸಾಧ್ಯದ ಸ್ಥಾನವನ್ನು ಆಕ್ರಮಿಸಬಾರದು. ಕೆಲಕಾಲದ ಹಿಂದೆ ಒಂದು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯವರು “ಮೊಣಕೈ ಎಲ್ಲಿದೆ, ತೋರಿಸಮ್ಮ” ಎಂದಾಗ, ಪುಟ್ಟ ಹುಡುಗಿಯೊಬ್ಬಳು ಎದ್ದು ಹೋಗಿ ಗೋಡೆಯ ಪಟವನ್ನು ಮುಟ್ಟಿ ತೋರಿಸಿದಳು. ಉತ್ತರ ಸರಿಯೆಂದು ಮೆಚ್ಚುಗೆಯೂ ದೊರೆಯಿತು. “ನಿನ್ನದು ಎಲ್ಲಿದೆಯಮ್ಮ?” ಎಂದು ನಾವು ಕೇಳಿದಾಗ ಮಾತ್ರ ಆಕೆ ಮತ್ತೆ ಪಟದ ಕಡೆಗೇ ನೋಡಿದಳು.

ಆ ಮಗುವಿಗೆ ಚಿತ್ರವು ಬಂದಿತ್ತು, ಮೊಣಕೈ ಬಂದಿರಲಿಲ್ಲ. ನಾಳೆ ಎಲ್ಲಿ ನೋಯುತ್ತಿದೆಯೆಂದು ತಾಯಿಯೋ ವೈದ್ಯರೋ ಕೇಳಿದಾಗ ಪಟವು ಅವಳ ನೆರವಿಗೆ ಬರುವುದಿಲ್ಲ. ಕೊಮೇನಿಯಸನ ಹೆಸರನ್ನು ಪರೀಕ್ಷೆಗಾಗಿ ನೆನಪಿಡುವ ನಾವು ಅವನ ಚಿತ್ರಗಳನ್ನು ಸ್ವೀಕರಿಸಿ, ಆ ಚಿತ್ರಗಳಿಗೆ ಅವನೇ ಕಟ್ಟಿದ ನಿಯಮವನ್ನು ಕೈಬಿಟ್ಟಿದ್ದೇವೆ. ಉಪಾಧ್ಯಾಯರಾಗಲಿರುವ ನಮ್ಮ ವಿದ್ಯಾರ್ಥಿಗಳು ಗೋಡೆಗೆ ಪಟವನ್ನು ತೂಗುಹಾಕುವ ಮುನ್ನ ಆ ಮುನ್ನುಡಿಯ ಮೂರನೆಯ ಸೂಚನೆಯನ್ನು ಒಮ್ಮೆ ಓದಿಕೊಂಡರೆ, ಈ ಸಣ್ಣ ಲೇಖನದ ಶ್ರಮ ಸಾರ್ಥಕವಾದೀತು.