ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡ ಹುಡುಗಿ

ಕಳೆದ ದಸರಾ ರಜೆಯಲ್ಲಿ ಮನೆಗೆ ಬಂದ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಡೆನ್ಮಾರ್ಕಿನ ಒಂದು ಸಿನಿಮಾ ತೋರಿಸಿದಳು. 2020ರ ಚಿತ್ರ; 'ಎ ಪರ್ಫೆಕ್ಟ್ಲಿ ನಾರ್ಮಲ್ ಫ್ಯಾಮಿಲಿ', ಅಂದರೆ ತೀರಾ ಸಾಮಾನ್ಯವಾದ ಒಂದು ಕುಟುಂಬ. "ಏನೇ ಕಥೆ?" ಎಂದೆ. "ಇಬ್ಬರು ಹೆಣ್ಣುಮಕ್ಕಳ ಅಪ್ಪ ಹೆಂಗಸಾಗ್ತಾರೆ, ನೋಡಮ್ಮ" ಎಂದಳು. ಸಾರಿಗೆ ಬೇಳೆ ಇಟ್ಟು ಬಂದಿದ್ದ ನಾನು ಅರ್ಧ ಮನಸ್ಸಿನಿಂದ ಕುಳಿತೆ. ಹತ್ತು ನಿಮಿಷಕ್ಕೆ ಎದ್ದು ಹೋಗಿ ಒಲೆ ಆರಿಸಿ ಬಂದವಳು ಮತ್ತೆ ಏಳಲಿಲ್ಲ.

ನಮ್ಮಲ್ಲಿ ಅನೇಕರು 'ನಾನು ಅವನಲ್ಲ ಅವಳು' ನೋಡಿದ್ದೇವೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಆ ಚಿತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅಲ್ಲಿ ಹೆತ್ತವರು ಒಪ್ಪುವರೋ ಇಲ್ಲವೋ ಎಂದು ಕಾಯುವುದು ಮಗು. ಇಲ್ಲಿ ಕಾಯುವವರು ಹೆತ್ತವರು. ಉತ್ತರ ಕೊಡಬೇಕಾದದ್ದು ಮಗು. ಹನ್ನೊಂದು ವರ್ಷದ ಮಗುವಿಗೆ ಅದು ಎಂಥ ಭಾರ!

ನಿರ್ದೇಶಕಿ ಮಾಲೂ ರೈಮನ್ ಅವರದು ಕೇಳಿ ತಿಳಿದು ಕಟ್ಟಿದ ಕಥೆಯಲ್ಲ. ಅವರಿಗೆ ಹನ್ನೊಂದು ವರ್ಷವಾಗಿದ್ದಾಗ ಅವರ ತಂದೆ ತಾನು ಹೆಣ್ಣೆಂದು ತಿಳಿಸಿದ್ದರು. ಚಿತ್ರದ ಕಾಲವೂ 1990ರ ದಶಕ. ಚಿಕ್ಕ ಮಗಳು ಎಮ್ಮಾಗೆ ಫುಟ್‌ಬಾಲ್ ಎಂದರೆ ಪ್ರಾಣ. ಅಪ್ಪ ಥಾಮಸನಿಗೂ ಅಷ್ಟೇ. ಒಂದು ದಿನ ಊಟದ ಹೊತ್ತಿನಲ್ಲಿ ಎರಡು ಸುದ್ದಿಗಳು ಒಟ್ಟಿಗೇ ಬಂದೆರಗುತ್ತವೆ. ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರೆ. ಅಪ್ಪ ಹೆಣ್ಣಾಗಿ ಬಾಳಲು ನಿರ್ಧರಿಸಿದ್ದಾರೆ. ದೊಡ್ಡವರಿಗೆ ಇವೆರಡೂ ಬೇರೆ ಬೇರೆ ವಿಷಯ. ಮಗುವಿಗೆ ಒಂದೇ. ಎಮ್ಮಾಳ ಕೋಪ ಯಾವುದರ ಮೇಲೆಂದು ಅವಳಿಗೇ ತಿಳಿಯದು.

ಆಪ್ತಸಲಹೆಗಾರರ ಕೋಣೆಯ ದೃಶ್ಯ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಗ್ನೆತೆಯಾಗಿ ಬಂದ ಅಪ್ಪನನ್ನು ನೋಡಲಾರದೆ ಎಮ್ಮಾ ತಲೆಗೂ ಮುಖಕ್ಕೂ ಸ್ಕಾರ್ಫ್ ಸುತ್ತಿಕೊಂಡು ಕೂರುತ್ತಾಳೆ. ಯಾರು ಏನೇ ಹೇಳಿದರೂ ಅದನ್ನು ಬಿಚ್ಚುವುದಿಲ್ಲ. ನಾಲ್ಕು ಪುಟದ ಸಂಭಾಷಣೆ ಹೇಳಲಾರದ್ದನ್ನು ಆ ಬಟ್ಟೆಯ ತುಂಡು ಹೇಳುತ್ತದೆ. ತರಗತಿಯಲ್ಲಿ ಡೆಸ್ಕಿನ ಮೇಲೆ ಮುಖವಿಟ್ಟು ಮಲಗಿದ ಎಷ್ಟೋ ಹುಡುಗಿಯರನ್ನು "ಏಳೇ, ನಿದ್ದೆಯಾ?" ಎಂದು ಗದರಿದವಳು ನಾನು. ಅದು ನಿದ್ದೆಯಲ್ಲ ಎಂದು ಈಗ ಅನ್ನಿಸುತ್ತದೆ.

ಚಿತ್ರದ ದೊಡ್ಡ ಗುಣವೆಂದರೆ ಅದು ಯಾರನ್ನೂ ಖಳರನ್ನಾಗಿ ಮಾಡುವುದಿಲ್ಲ. ಆಗ್ನೆತೆ ಮಕ್ಕಳನ್ನು ತೊರೆದವಳಲ್ಲ. ತನ್ನ ಪಾಲಿಗೆ ಕೊನೆಗೂ ದೊರೆತ ಬದುಕಿನ ಸಂತೋಷದಲ್ಲಿ ಮಗಳೂ ಕೂಡಲೇ ಸೇರಲೆಂದು ಬಯಸುತ್ತಾಳೆ. ಅವಳಿಗಾದರೋ ಎಷ್ಟೋ ವರ್ಷಗಳ ಹಿಂದಿನಿಂದ ಗೊತ್ತಿದ್ದ ಸತ್ಯ. ಮಗಳಿಗೆ ಮೊನ್ನೆಯ ಸುದ್ದಿ. ಎಮ್ಮಾ ಒಪ್ಪದಿರುವುದು ಹೆಣ್ಣನ್ನಲ್ಲ. ಎದುರಿಗೇ ಕುಳಿತಿರುವ ಅಪ್ಪನನ್ನು ಕಳೆದುಕೊಂಡೆನೆಂದು ಅವಳು ದುಃಖಿಸುತ್ತಿದ್ದಾಳೆ. ನಡುನಡುವೆ ಬರುವ, ಮಕ್ಕಳು ಚಿಕ್ಕವರಿದ್ದಾಗಿನ ವೀಡಿಯೋ ತುಣುಕುಗಳು ಆ ದುಃಖವನ್ನು ಸದ್ದಿಲ್ಲದೆ ಹೇಳುತ್ತವೆ.

ನನಗೊಂದು ಕೊರತೆಯೂ ಕಂಡಿತು. ತಾಯಿ ಹೆಲ್ಲೆ ಬೇಗ ಹಿನ್ನೆಲೆಗೆ ಸರಿದುಬಿಡುತ್ತಾಳೆ. ಗಂಡನನ್ನು ಕಳೆದುಕೊಂಡೂ ಮನೆ ನಡೆಸುವ ಹೆಂಗಸಿನ ರಾತ್ರಿಗಳು ಹೇಗಿದ್ದವೆಂದು ನಮ್ಮಂಥವರಿಗೆ ಕೇಳಬೇಕೆನಿಸುತ್ತದೆ. ಮಗುವಿನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಟ್ಟದ್ದಕ್ಕೆ ತೆತ್ತ ಬೆಲೆಯಿರಬೇಕು. ಜಾನ್ ಮಾರಿಸ್ ಎಂಬ ಬ್ರಿಟಿಷ್ ಲೇಖಕಿ, ಮಕ್ಕಳ ತಂದೆಯಾದ ಮೇಲೆ ಹೆಣ್ಣಾದವರು, 1974ರಲ್ಲಿ ಪ್ರಕಟಿಸಿದ 'ಕನಂಡ್ರಮ್' ಎಂಬ ಆತ್ಮಕಥನ ಪ್ರಸಿದ್ಧವಾದದ್ದು. ಅಲ್ಲಿ ಮಕ್ಕಳ ಮನಸ್ಸನ್ನೂ ನಾವು ಹೆತ್ತವರ ಲೇಖನಿಯಿಂದಲೇ ತಿಳಿಯಬೇಕು. ಈ ಚಿತ್ರದಲ್ಲಿ ಮಗುವೇ ಬೆಳೆದು ಬಂದು ಮಾತಾಡಿದೆ. ಆ ಕಾರಣಕ್ಕೆ ಕೊರತೆಯನ್ನು ಕ್ಷಮಿಸಿದೆ.

ಸಿನಿಮಾ ಮುಗಿದ ಮೇಲೆ ನಾನು, "ಅಷ್ಟು ಚಿಕ್ಕ ಮಗುವಿಗೆ ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು" ಎಂದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾನು ಪಿಯುಸಿ ಓದುವಾಗ ಅಪ್ಪ ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾರೆ ಅಂದಿದ್ದೆಯಲ್ಲ" ಎಂದಳು. ನನ್ನ ಎದೆ ಧಸಕ್ಕೆಂದಿತು. ಆಗ ಅವಳ ಅಪ್ಪನಿಗೆ ಆಪರೇಷನ್ ಆಗಿತ್ತು. ಪರೀಕ್ಷೆ ಹತ್ತಿರವಿದೆಯೆಂದು ಮುಚ್ಚಿಟ್ಟಿದ್ದೆ. "ನನಗೆ ಗೊತ್ತಿತ್ತಮ್ಮ. ಗೊತ್ತಿಲ್ಲದವಳ ಹಾಗೆ ಇರೋದೇ ಕಷ್ಟವಾಗಿತ್ತು."

ಕಾಯಿಲೆಗೂ ಆಗ್ನೆತೆಯ ಬದುಕಿಗೂ ಹೋಲಿಕೆಯಿಲ್ಲ. ಆಕೆಯದು ಕಾಯಿಲೆಯೂ ಅಲ್ಲ. ಹೋಲಿಕೆಯಿರುವುದು ಮುಚ್ಚಿಡುವುದರಲ್ಲಿ. ಮಗುವಿನ ಒಳ್ಳೆಯದಕ್ಕೆ ಎನ್ನುತ್ತಾ ನಾವು ನಮ್ಮ ಅಂಜಿಕೆಯನ್ನು ಕಾಪಾಡಿಕೊಳ್ಳುತ್ತೇವೆ. ಹೇಳಬೇಕು, ಹೇಳಿದ ಮೇಲೆ ಕಾಯಬೇಕು. ಆ ಸ್ಕಾರ್ಫನ್ನು ಎಳೆಯುವ ಹಕ್ಕು ಮಾತ್ರ ನಮಗಿಲ್ಲ. ಅದನ್ನು ಮಗುವೇ ಬಿಚ್ಚಬೇಕು.

ಅಂದು ರಾತ್ರಿ ಊಟಕ್ಕೆ ತಡವಾಯಿತು. ಮಗಳ ತಟ್ಟೆಗೆ ಸಾರು ಬಡಿಸುತ್ತಾ, ಎಂಟು ವರ್ಷಗಳ ನಂತರ, "ತಪ್ಪಾಯ್ತು ಕಣೇ" ಎಂದೆ.