ವೇತನ ಆಯೋಗದ ವರದಿಯಲ್ಲಿ ಮುಂಬಯಿಯ ಮನೆ

ವೇತನ ಆಯೋಗಗಳ ವರದಿಗಳನ್ನು ಬರಿಯ ಅಂಕಿಗಳ ಕೋಷ್ಟಕವೆಂದು ಬದಿಗಿಡುವುದು ವಾಡಿಕೆ. ಆದರೆ ಒಂದು ಸಂಸಾರಕ್ಕೆ ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೆ ರಾಜ್ಯವು ಕೊಟ್ಟ ಉತ್ತರ ಅವುಗಳಲ್ಲಡಗಿರುತ್ತದೆ. ಈ ದೃಷ್ಟಿಯಿಂದ, ನ್ಯಾಯಮೂರ್ತಿ ಮಾಥುರರ ಅಧ್ಯಕ್ಷತೆಯ ಏಳನೆಯ ಕೇಂದ್ರ ವೇತನ ಆಯೋಗವು 2015ರ ನವೆಂಬರಿನಲ್ಲಿ ಒಪ್ಪಿಸಿದ ವರದಿಯು ವಿಮರ್ಶೆಗೆ ಅರ್ಹವಾದ ಗ್ರಂಥವೇ ಸರಿ.

ಅದರ ಕನಿಷ್ಠ ವೇತನ ರೂ. 18,000. ಇದಕ್ಕೆ ಆಧಾರವಾದುದು 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಲನದ ಸೂತ್ರ: ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಎರಡನೆಯ ಆಯೋಗವು ಈ ಸೂತ್ರವನ್ನು ಒಪ್ಪದೆ ರೂ. 80ಕ್ಕೆ ನಿಂತಿತು, 1960ರ ಜುಲೈಯಲ್ಲಿ ಕೇಂದ್ರ ನೌಕರರು ಐದು ದಿನ ಮುಷ್ಕರ ಹೂಡಿದರು. ಅಂದು ತಿರಸ್ಕೃತವಾದ ಸೂತ್ರವೇ ಇಂದು ವರದಿಯ ತಳಹದಿಯಾಗಿರುವುದು ಸಣ್ಣ ಜಯವಲ್ಲ. ಕೌಟಿಲ್ಯನ ವೇತನಪಟ್ಟಿ 48,000 ಪಣದಿಂದ 60 ಪಣದವರೆಗೆ ಇಳಿಯುತ್ತದೆ, ಎಂಟುನೂರಕ್ಕೆ ಒಂದು. ಮಾಥುರ ವರದಿಯಲ್ಲಿ ರೂ. 2,50,000ಕ್ಕೆ 18,000, ಎಂದರೆ ಹದಿನಾಲ್ಕಕ್ಕೆ ಒಂದು. ಇಷ್ಟರಮಟ್ಟಿಗೆ ಇಂದಿನ ರಾಜ್ಯವು ಉದಾರವೆನ್ನಬೇಕು.

ಆದರೆ ಅನ್ನವಸ್ತ್ರಗಳನ್ನು ತೂಗಿ ಅಳೆದ ವರದಿಯು ಮನೆಯ ಬಳಿಗೆ ಬಂದಾಗ ಅಳತೆಗೋಲನ್ನೇ ಕೈಬಿಡುತ್ತದೆ. ಕನಿಷ್ಠ ವೇತನದ ಲೆಕ್ಕದಲ್ಲಿ ವಸತಿಗೆ ದೊರೆತುದು ನೂರಕ್ಕೆ 3, ಸುಮಾರು ರೂ. 524. ಸರಕಾರಿ ಮನೆ ಸಿಕ್ಕವನಿಗೆ ಅಲ್ಪ ಶುಲ್ಕ, ಸಿಗದವನಿಗೆ ಮನೆಬಾಡಿಗೆ ಭತ್ಯೆ ಇದೆಯೆಂಬುದು ಇದರ ಸಮರ್ಥನೆ. ಅಂಟಾಪ್ ಹಿಲ್ಲಿನ ಸರಕಾರಿ ವಸತಿಯಲ್ಲಿ ಮನೆ ಪಡೆದವನ ಮಟ್ಟಿಗೆ ಇದು ನಿಜ. ಉಳಿದವರ ಗತಿಯೇನು?

ಭತ್ಯೆಯ ಇತಿಹಾಸವನ್ನೇ ನೋಡಬಹುದು. 2017ರ ಜುಲೈಯಿಂದ ಮುಂಬಯಿಯಂತಹ ನಗರಗಳಿಗೆ ಮೂಲವೇತನದ ನೂರಕ್ಕೆ 24ರಂತೆ ಭತ್ಯೆ ಗೊತ್ತಾಯಿತು. ಕೆಳಗಿನವರಿಗೆ ಇದು ಸಾಲದೆಂದು ಸರಕಾರವೇ ಮನಗಂಡು ರೂ. 5,400ರ ತಳಮಿತಿ ಹಾಕಿತು. ತುಟ್ಟಿಭತ್ಯೆ ನೂರಕ್ಕೆ 50 ಮುಟ್ಟಿದ 2024ರ ಜನವರಿಯಿಂದ ಬಾಡಿಗೆಯ ದರ ನೂರಕ್ಕೆ 30 ಆಯಿತು. ಮೂಲವೇತನ ರೂ. 1,44,200 ಇರುವ ಅಧಿಕಾರಿಯ ಭತ್ಯೆ 34,608ರಿಂದ 43,260ಕ್ಕೇರಿತು. 18,000ದಲ್ಲಿ ಹೊಸದಾಗಿ ಸೇರಿದವನದು? 18,000ದ ನೂರಕ್ಕೆ 30 ಎಂದರೆ ಅದೇ 5,400. ಆರೂವರೆ ವರ್ಷಗಳ ಬೆಲೆಯೇರಿಕೆ ಅವನ ಬಾಡಿಗೆಗೆ ಒಂದು ರೂಪಾಯಿಯನ್ನೂ ಕೂಡಿಸಲಿಲ್ಲ! ಕರುಣೆಯಿಂದ ಹಾಕಿದ ತಳಮಿತಿಯೇ ಹೀಗೆ ಅವನ ಪಾಲಿಗೆ ಮಾಡಾಯಿತು.

ದುಬಾರಿ ನಗರಗಳಿಗೆಂದು ಹಿಂದೆ ನಗರ ಪರಿಹಾರ ಭತ್ಯೆಯೊಂದಿತ್ತು. ಅದನ್ನು ಪ್ರಯಾಣ ಭತ್ಯೆಯಲ್ಲಿ ಕರಗಿಸಿದುದು ಆರನೆಯ ಆಯೋಗ. ಅದರ ಅಧ್ಯಕ್ಷರಾದ ನ್ಯಾಯಮೂರ್ತಿ ಶ್ರೀಕೃಷ್ಣರು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿದ್ದವರೆಂಬುದು ಸೋಜಿಗದ ಸಂಗತಿ.

ರಾತ್ರಿಶಾಲೆಯಲ್ಲಿ ಓದಿ ಅಂಚೆ, ರೈಲ್ವೆ, ತೆರಿಗೆ ಕಚೇರಿಗಳನ್ನು ಸೇರಿದವರ ಪೀಳಿಗೆಯನ್ನು ಬಲ್ಲ ಮುಂಬಯಿ ಕನ್ನಡಿಗರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಬಾಡಿಗೆಯಲ್ಲಿ ಕೊರತೆಬಿದ್ದುದನ್ನು ನೌಕರನು ದೂರದಿಂದ ತುಂಬಿಕೊಳ್ಳುತ್ತಾನೆ. ಚರ್ಚ್‌ಗೇಟಿನಿಂದ ವಿರಾರಕ್ಕೆ 60 ಕಿಲೋಮೀಟರು. ಆ ಹಾದಿಯಲ್ಲಿ ದಿನವೂ ಕಳೆದುಹೋಗುವ ಹೊತ್ತು ಯಾವ ವೇತನಪತ್ರದಲ್ಲಿಯೂ ದಾಖಲಾಗುವುದಿಲ್ಲ. ದಕ್ಷತೆ, ಹಾಜರಿಯ ಶಿಸ್ತು, ಕೆಲಸದ ಮೌಲ್ಯಮಾಪನಗಳನ್ನು ಕುರಿತ ಸಲಹೆಗಳೆಲ್ಲ ಆಗಲೇ ದಣಿದು ಬಂದವನ ಮೇಜಿಗೆ ತಲುಪುತ್ತವೆ.

ದೇಶಕ್ಕೆಲ್ಲ ಒಂದೇ ದರವಿದ್ದರೆ ಆಡಳಿತ ಸುಲಭವೆಂಬ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಊರೂರಿಗೆ ಬಾಡಿಗೆ ನಿಗದಿಮಾಡುವುದು ತಕರಾರುಗಳಿಗೆ ದಾರಿ. ಆದರೆ ಅಳೆಯಲು ಸಾಧನವೇ ಇಲ್ಲವೆಂಬುದು ಸರಿಯಲ್ಲ. ತುಟ್ಟಿಭತ್ಯೆಗೆ ಆಧಾರವಾದ ಬೆಲೆಸೂಚಿಗಾಗಿ ಲೇಬರ್ ಬ್ಯೂರೋ ಆರು ತಿಂಗಳಿಗೊಮ್ಮೆ ಮನೆಬಾಡಿಗೆಯ ಸಮೀಕ್ಷೆ ನಡೆಸುತ್ತದೆ. ಮುಂಬಯಿಯೂ ಅದರ ಕೇಂದ್ರಗಳಲ್ಲೊಂದು. ಅಲ್ಲಿ ದೊರೆತ ಅಂಕಿ ಅಖಿಲ ಭಾರತ ಸರಾಸರಿಯಲ್ಲಿ ಬೆರೆತು ಮರೆಯಾಗುತ್ತದೆ. 2025ರಲ್ಲಿ ರಚಿತವಾದ ಎಂಟನೆಯ ಆಯೋಗದ ಮುಂದೆ ನೌಕರ ಸಂಘಗಳು ಮೂಲವೇತನದ ಗುಣಕವನ್ನು ಹಿಡಿದು ವಾದಿಸುತ್ತಿವೆ. ಈ ಸಮೀಕ್ಷೆಯ ಮುಂಬಯಿ ಅಂಕಿಯನ್ನು ತರಿಸಿ, ಕನಿಷ್ಠ ನೌಕರನ ಭತ್ಯೆಯ ಪಕ್ಕದಲ್ಲಿರಿಸಿ ನೋಡಬೇಕೆಂದು ಅವು ಮೊದಲು ಕೇಳಬೇಕಾಗಿತ್ತು.