ಅವರ ತೋಟದಲ್ಲೇ ಅವರಿಗೊಂದು ಸಂಕಿರಣ

ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಬಡಾವಣೆಯಲ್ಲಿರುವ ಡಂಬರ್ಟನ್ ಓಕ್ಸ್ ಎಸ್ಟೇಟಿನಲ್ಲಿ 1970ರ ದಶಕದ ಆರಂಭದಿಂದ ತೋಟಗಳ ಚರಿತ್ರೆಯ ಮೇಲೆ ವಿಚಾರ ಸಂಕಿರಣಗಳು ನಡೆಯುತ್ತ ಬಂದಿವೆ. ಮೊದಲು ಇಟಲಿಯ ತೋಟ, ಆಮೇಲೆ ಫ್ರಾನ್ಸಿನದು, ಇಸ್ಲಾಮೀ ಜಗತ್ತಿನದು, ಪ್ರಾಚೀನ ರೋಮಿನದು. ಈ ಮಾಲೆಯ ಎಂಟನೆಯ ಸಂಪುಟದ ವಿಷಯ ಬಿಯಾಟ್ರಿಕ್ಸ್ ಜೋನ್ಸ್ ಫರಾಂಡ್ (1872–1959). 1980ರ ಸಂಕಿರಣದ ಪ್ರಬಂಧಗಳು 1982ರಲ್ಲಿ ಪುಸ್ತಕವಾದವು. ಸಭೆ ಸೇರಿದ ಮನೆಯ ಸುತ್ತಲಿನ ತೋಟವನ್ನು ರೂಪಿಸಿದವರು ಇದೇ ಫರಾಂಡ್. ಕಿಟಕಿಯಾಚೆ ಕಾಣುವ ಕೆಲಸದತ್ತ ವಿದ್ವಾಂಸರ ಕಣ್ಣು ಹೊರಳಲು ಇಷ್ಟು ಕಾಲ ಬೇಕಾಯಿತು ಎನ್ನುವುದು ನನಗೆ ನೋವಿನ ಸಂಗತಿ. ಆದರೂ ಮಹಿಳಾ ವಿನ್ಯಾಸಕಿಯರನ್ನು ಗೌರವಿಸಲು ನಡೆದ ಪ್ರಯತ್ನಗಳಲ್ಲಿ ಇಷ್ಟು ಗಟ್ಟಿಯಾದದ್ದು ವಿರಳ ಎಂದು ಒಪ್ಪಲೇಬೇಕು.

ಇಂಥ ಸಭೆಗಳು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಮಾತೆಲ್ಲ ಜೀವನಕಥೆಯಲ್ಲೇ ಮುಗಿದುಹೋಗುತ್ತದೆ. ಫರಾಂಡ್ ವಿಷಯದಲ್ಲಂತೂ ಆ ಸೆಳೆತ ಬಲು ಜೋರು. ಅವರು ಕಾದಂಬರಿಕಾರ್ತಿ ಈಡಿತ್ ವಾರ್ಟನ್‌ರ ಸೋದರನ ಮಗಳು. ನ್ಯೂಯಾರ್ಕಿನ ಸಿರಿವಂತ ಮನೆತನದಲ್ಲಿ ಬೆಳೆದವರು. ಬಾಸ್ಟನ್ನಿನ ಆರ್ನಲ್ಡ್ ಸಸ್ಯೋದ್ಯಾನದಲ್ಲಿ ಚಾರ್ಲ್ಸ್ ಸ್ಪ್ರೇಗ್ ಸಾರ್ಜೆಂಟ್ ಅವರ ಬಳಿ ಗಿಡಮರಗಳ ವಿದ್ಯೆ ಕಲಿತರು. 1899ರಲ್ಲಿ ಅಮೆರಿಕದ ಭೂದೃಶ್ಯ ವಿನ್ಯಾಸಕರ ಸಂಘ ಹುಟ್ಟಿದಾಗ ಹನ್ನೊಂದು ಸ್ಥಾಪಕರಲ್ಲಿ ಹೆಣ್ಣು ಅವರೊಬ್ಬರೇ. ಕೇಳಲು ಚೆನ್ನಾಗಿದೆ, ಹೇಳಲೂ ಸುಲಭ. ಆದರೆ ಅವರ ಕೈಗೆ ಏನು ಗೊತ್ತಿತ್ತು ಎಂಬುದು ಇಷ್ಟರಿಂದ ತಿಳಿಯುವುದಿಲ್ಲ. 1982ರ ಸಂಪುಟ ತನ್ನ ಹೆಸರಿನಲ್ಲೇ ಅವರ ಕೆಲಸವನ್ನು ಅಮೆರಿಕದ ಭೂದೃಶ್ಯ ವಿನ್ಯಾಸದ ಐವತ್ತು ವರ್ಷ ಎಂದು ಕರೆದಿದೆ. ಹೆಂಗಸು ಎಂಬ ಪ್ರತ್ಯೇಕ ಮಣೆ ಹಾಕದೆ, ಕಸುಬಿನ ಚರಿತ್ರೆಯ ನಡುಮನೆಯಲ್ಲೇ ಕೂರಿಸಿದ ಈ ನಿಲುವು ಸರಿಯಾದದ್ದು.

ಅವರ ಕೈಗೆ ಗೊತ್ತಿದ್ದದ್ದು ಏನೆಂದು ತೋಟವೇ ಹೇಳುತ್ತದೆ. ಮಿಲ್ಡ್ರೆಡ್ ಮತ್ತು ರಾಬರ್ಟ್ ಬ್ಲಿಸ್ ದಂಪತಿ 1920ರಲ್ಲಿ ಈ ಜಾಗ ಕೊಂಡರು. ಮರುವರ್ಷ ಫರಾಂಡ್ ಕೆಲಸಕ್ಕೆ ಬಂದರು. ನೆಲ ಸಮತಟ್ಟಲ್ಲ. ಮನೆಯಿದ್ದ ದಿಬ್ಬದಿಂದ ಕೆಳಗಿನ ತೊರೆಯವರೆಗೆ ಸುಮಾರು ನೂರು ಅಡಿ ಇಳುಕಲು. ಆ ಇಳುಕಲನ್ನು ಅವರು ಮಜಲು ಮಜಲಾಗಿ ಕಡಿದರು. ಮನೆಯ ಮಗ್ಗುಲಲ್ಲಿ ಅಚ್ಚುಕಟ್ಟಾದ ಕಲ್ಲುಗೋಡೆ, ಕತ್ತರಿಸಿದ ಬೇಲಿಗಿಡ. ಅಲ್ಲಿಂದ ಗುಲಾಬಿ ತೋಟ. ಇನ್ನೂ ಇಳಿದರೆ ಕಾರಂಜಿಯ ಅಂಗಳ. ಕೊನೆಗೆ ಕಾಡೋ ತೋಟವೋ ಗೊತ್ತಾಗದ ಜಾಗ. ಇಳಿಯುವವರಿಗೆ ಬದಲಾವಣೆ ನಡೆದದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು. ಮೆಟ್ಟಿಲುಗಳ ಮೇಲೂ ಅಷ್ಟೇ ಕಾಳಜಿ. ಒಂದೇ ಉಸಿರಿಗೆ ಹತ್ತಿಸುವ ಉದ್ದನೆಯ ಸಾಲು ಬೇಡ, ಕೆಲವು ಮೆಟ್ಟಿಲಾದ ಮೇಲೆ ಕಾಲಿಗೆ ಬಿಡುವು ಕೊಡುವ ಚಪ್ಪಡಿ ಬೇಕು. ಇದು ನಡೆಯುವವರ ಮಂಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿನ್ಯಾಸ.

ಬ್ಲಿಸ್ ದಂಪತಿ ರಾಜತಾಂತ್ರಿಕ ಕೆಲಸದ ಮೇಲೆ ವರ್ಷಗಟ್ಟಲೆ ಸ್ವೀಡನ್ನಿನಲ್ಲಿ, ಆಮೇಲೆ ಅರ್ಜೆಂಟೀನಾದಲ್ಲಿ ಇದ್ದರು. ಹಾಗಾಗಿ ತೋಟದ ಬಹುಪಾಲು ಪತ್ರಗಳಲ್ಲಿ ಚರ್ಚೆಯಾಗಿ ಬೆಳೆಯಿತು. ಅಲಂಕಾರದ ಹೂಜಿ, ಗೇಟುಕಂಬದ ಶಿಖೆ, ಬೆಂಚುಗಳನ್ನು ಫರಾಂಡ್ ನೇರವಾಗಿ ಕಲ್ಲಿನಲ್ಲಿ ಕೆತ್ತಿಸುತ್ತಿರಲಿಲ್ಲ. ನಿಜ ಅಳತೆಯಲ್ಲೇ ಹಗುರವಾದ ಮಾದರಿ ಮಾಡಿಸಿ, ಜಾಗದಲ್ಲಿಟ್ಟು, ದೂರದಿಂದಲೂ ಹತ್ತಿರದಿಂದಲೂ ನೋಡುತ್ತಿದ್ದರು. ದಪ್ಪವಾಯಿತೇ, ಗಿಡ್ಡವಾಯಿತೇ ಎಂದು ಕಣ್ಣು ಒಪ್ಪಿದ ಮೇಲಷ್ಟೇ ಶಿಲ್ಪಿಯ ಕೈಗೆ. ಮಿಲ್ಡ್ರೆಡ್ ಬ್ಲಿಸ್ ಬರೀ ಹಣ ಕೊಟ್ಟವರಲ್ಲ, ರುಚಿಯುಳ್ಳ ಜೊತೆಗಾರ್ತಿ. ಎಷ್ಟೋ ತೀರ್ಮಾನಗಳು ಇಬ್ಬರ ಮಾತುಕತೆಯಲ್ಲಿ ಪಕ್ವವಾದವು. ಕರಡು ನಕ್ಷೆಗಳೂ ಈ ಪತ್ರಗಳೂ ಉಳಿದುಕೊಂಡದ್ದರಿಂದಲೇ ಫರಾಂಡ್ ಬಗ್ಗೆ ಅಂದಾಜಿನ ಹೊಗಳಿಕೆಯನ್ನು ಬಿಟ್ಟು ಖಚಿತವಾಗಿ ಮಾತಾಡಲು ಸಾಧ್ಯವಾಗಿದೆ.

1980ರ ನಿಜವಾದ ಸಾಧನೆ ಸಂಕಿರಣದ ಪಕ್ಕದಲ್ಲೇ ಇತ್ತು. ಅದೇ ವರ್ಷ ಡಂಬರ್ಟನ್ ಓಕ್ಸ್ ಫರಾಂಡ್‌ರ ‘ಪ್ಲಾಂಟ್ ಬುಕ್’ ಅನ್ನು ಡಯೇನ್ ಕೋಸ್ಟಿಯಲ್ ಮೆಗ್ವೈರ್ ಸಂಪಾದಕತ್ವದಲ್ಲಿ ಅಚ್ಚು ಹಾಕಿಸಿತು. ಬ್ಲಿಸ್ ದಂಪತಿ 1940ರಲ್ಲಿ ಎಸ್ಟೇಟನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಮೇಲೆ, ಮುಂದೆ ತೋಟ ನೋಡಿಕೊಳ್ಳುವವರಿಗೆಂದು ಫರಾಂಡ್ ಬರೆದಿಟ್ಟ ಕೈಪಿಡಿ ಅದು. ಒಂದೊಂದು ಜಾಗದ ಉದ್ದೇಶವೇನು, ಅಲ್ಲಿ ಯಾವ ಗಿಡ, ಅದು ಸತ್ತರೆ ಬದಲಿಗೆ ಯಾವುದನ್ನು ನೆಡಬಹುದು, ಯಾವುದನ್ನು ಮೀರಿ ಬೆಳೆಯಲು ಬಿಡಬಾರದು ಎಂದೆಲ್ಲ ಜಾಗ ಜಾಗಕ್ಕೂ ಬರೆದಿದ್ದಾರೆ. ವಸಂತದಲ್ಲಿ ಇಡೀ ಇಳಿಜಾರು ಹಳದಿಯಾಗುವ ಫೋರ್ಸಿಥಿಯಾ ಗುಡ್ಡದಲ್ಲಿ ಒಂದೇ ಬಗೆಯ ಗಿಡವಿರಬೇಕು, ಬೇರೆ ಬಗೆ ಬೆರೆಸಬಾರದು ಎನ್ನುವುದು ಅವರ ಕಟ್ಟುನಿಟ್ಟು. ಕಟ್ಟಡ ಕಟ್ಟಿದವರ ಕೆಲಸ ಗೃಹಪ್ರವೇಶದ ದಿನ ಮುಗಿಯುತ್ತದೆ. ತೋಟ ಹಾಕಿದವರ ಕೆಲಸ ಅಂದಿನಿಂದ ಶುರುವಾಗುತ್ತದೆ. ಮನೆಯ ಮಗ್ಗುಲ ಬೀಚ್ ಮರವನ್ನೇ ನೋಡಿ. ಮೊದಲಿದ್ದ ನೇರಳೆ ಬೀಚ್ ಹೋಗಿ 1948ರಲ್ಲಿ ಅಮೆರಿಕನ್ ಬೀಚ್ ಬಂತು. ಮರ ಬದಲಾಯಿತು, ಆ ಅಂಗಳದ ಉಸಿರು ಬದಲಾಗಲಿಲ್ಲ. ಅದರ ಗುಟ್ಟು ಇಂಥ ಬರವಣಿಗೆಯಲ್ಲಿದೆ. ಸಾವಿರ ಭಾಷಣಕ್ಕಿಂತ ಈ ಪುಸ್ತಕವನ್ನು ಅಚ್ಚು ಹಾಕಿಸಿದ್ದು ದೊಡ್ಡ ಗೌರವ. ಇದೇ ತೋಟದ ಹಸಿರಂಗಳದಲ್ಲಿ ಫರಾಂಡ್ ಹೆಸರಿನ ಲ್ಯಾಟಿನ್ ಶಾಸನವೂ ಇದೆ. ಅದು ಬ್ಲಿಸ್ ದಂಪತಿಯ ಪ್ರೀತಿಯ ಗುರುತು. ಆದರೆ ಸವರುಗತ್ತರಿ ಹಿಡಿದವರಿಗೆ ಬೇಕಾದದ್ದು ‘ಪ್ಲಾಂಟ್ ಬುಕ್’.

ಒಬ್ಬರನ್ನೇ ನಡುವೆ ನಿಲ್ಲಿಸುವ ಸಂಕಿರಣಕ್ಕೆ ಅದರದೇ ಮಿತಿಯಿದೆ. ಫರಾಂಡ್‌ರನ್ನು ಅಪವಾದವೆಂದು ನೋಡಿದಾಗ ಅವರ ಕಾಲದ ನಿಯಮ ಕಣ್ಣಿಗೆ ಬೀಳುವುದಿಲ್ಲ. ಹೆಣ್ಣೊಬ್ಬಳು ರೂಪಿಸಿದ ತೋಟವನ್ನು ಹಾರ್ವರ್ಡ್ ಸ್ವೀಕರಿಸಿದ 1940ರಲ್ಲಿ ಅದರ ವಿನ್ಯಾಸ ಶಾಲೆ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡುತ್ತಿರಲಿಲ್ಲ. ಹಾಗೆ ಹೊರಗುಳಿದವರಿಗಾಗಿಯೇ ಕೇಂಬ್ರಿಜ್ ಸ್ಕೂಲ್ ಹುಟ್ಟಿಕೊಂಡಿತ್ತು. 1942ರಲ್ಲಿ ಅದು ಮುಚ್ಚಿ, ಯುದ್ಧಕಾಲದಲ್ಲಿ ವಿದ್ಯಾರ್ಥಿನಿಯರು ಹಾರ್ವರ್ಡ್ ಸೇರುವಂತಾಯಿತು. ಅದೇ ಕಾಲದ ವಿನ್ಯಾಸಕಿ ಎಲೆನ್ ಶಿಪ್‌ಮನ್ ತಮ್ಮ ಕಚೇರಿಗೆ ಹೆಂಗಸರನ್ನೇ ತೆಗೆದುಕೊಂಡು, ತರಬೇತಿ ಕೊಟ್ಟು, ನೂರಾರು ತೋಟ ಮಾಡಿದರು. ಮರಿಯನ್ ಕಾಫಿನ್ 1904ರಲ್ಲಿ ಎಂಐಟಿಯಲ್ಲಿ ಓದು ಮುಗಿಸಿ ಮುಂದೆ ಡೆಲವೇರಿನ ವಿಂಟರ್‌ಥರ್‌ನಲ್ಲಿ ಕೆಲಸ ಮಾಡಿದರು. ಫರಾಂಡ್ ಕಚೇರಿಯಲ್ಲಿ ಪಳಗಿದ ರೂತ್ ಹೇವಿ 1960ರ ಸುಮಾರಿಗೆ ಇದೇ ಎಸ್ಟೇಟಿನ ಟೆನಿಸ್ ಅಂಕಣವನ್ನು ಬೆಣಚುಕಲ್ಲಿನ ತೋಟವಾಗಿ ಬದಲಿಸಿದರು. ಇವರೆಲ್ಲರನ್ನೂ ಸೇರಿಸಿ ನೋಡಿದಾಗ ಒಂದು ತಲೆಮಾರಿನ ಕಸುಬು ಕಾಣುತ್ತದೆ. ಮಣ್ಣು ಹೊತ್ತವರ, ಕಲ್ಲು ಕೂರಿಸಿದವರ ಹೆಸರುಗಳನ್ನೂ ಇಂಥ ಸಭೆಗಳು ಕಡತಗಳಿಂದ ಹುಡುಕಿ ತೆಗೆಯಬೇಕು ಎಂಬುದು ನನ್ನ ಒತ್ತಾಯ.

ಇನ್ನೊಂದು ಕೊರತೆ ನೆಲದ್ದು. 1940ರಲ್ಲಿ ಎಸ್ಟೇಟು ಒಡೆದು, ತೊರೆಯ ದಂಡೆಯ 27 ಎಕರೆ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಹೋಯಿತು. ಫರಾಂಡ್ ಅತ್ಯಂತ ಸೂಕ್ಷ್ಮವಾಗಿ, ಮಾಡಿದ್ದೇ ಕಾಣದಂತೆ ರೂಪಿಸಿದ ಭಾಗ ಅದು. ಮೇಲಿನ ತೋಟ ನುರಿತ ಕೈಗಳಲ್ಲಿ ನಳನಳಿಸಿತು. ಕೆಳಗೆ ಮಳೆನೀರು ದಂಡೆ ಕೊರೆಯಿತು, ಪರದೇಶದ ಬಳ್ಳಿಗಳು ಮರಗಳನ್ನು ಮುಚ್ಚಿದವು. ಸ್ವಯಂಸೇವಕರು ಅದನ್ನು ಮತ್ತೆ ಬಿಡಿಸಿ ಹಸನು ಮಾಡುತ್ತಿದ್ದಾರೆ. ಒಂದೇ ವಿನ್ಯಾಸದ ಎರಡು ತುಂಡುಗಳಿಗೆ ಬೇರೆ ಬೇರೆ ಹಣೆಬರಹ ಬಂದದ್ದನ್ನು ಚರ್ಚಿಸದೆ ಫರಾಂಡ್ ಕೃತಿಯ ವಿಮರ್ಶೆ ಪೂರ್ತಿಯಾಗದು.

ನಿರ್ವಹಣೆಯಿಲ್ಲದ ಸ್ಮಾರಕ ಏನಾಗುತ್ತದೆಂದು ಫರಾಂಡ್‌ಗೆ ಚೆನ್ನಾಗಿ ತಿಳಿದಿತ್ತು. ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿದ್ದ ತಮ್ಮ ಮನೆ ರೀಫ್ ಪಾಯಿಂಟನ್ನು ಅವರು ಅಧ್ಯಯನ ಕೇಂದ್ರವಾಗಿಸಬೇಕೆಂದಿದ್ದರು. 1947ರ ಬೆಂಕಿ ಊರಿನ ದೊಡ್ಡ ಭಾಗವನ್ನು ಸುಟ್ಟಿತು, ತೆರಿಗೆ ವಿನಾಯಿತಿ ಸಿಗಲಿಲ್ಲ, ಮುಂದೆ ನೋಡಿಕೊಳ್ಳುವವರ ಭರವಸೆಯೂ ಇರಲಿಲ್ಲ. 1955ರಲ್ಲಿ, ಎಂಬತ್ತು ದಾಟಿದ ಮೇಲೆ, ಮನೆ ಕೆಡವಿಸುವ ತೀರ್ಮಾನ ಮಾಡಿದರು. ಗಿಡಗಳನ್ನು ಚಾರ್ಲ್ಸ್ ಸ್ಯಾವೇಜ್ ಹತ್ತಿರದ ಆಸ್ಟಿಕೂ ಮತ್ತು ಥೂಯಾ ತೋಟಗಳಿಗೆ ಸಾಗಿಸಿದರು. ಪುಸ್ತಕ, ನಕ್ಷೆಗಳು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದವು. ಆ ಕಡತಗಳಲ್ಲಿ ಇಂಗ್ಲೆಂಡಿನ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್ ಅವರ ತೋಟಗಳ ನಕ್ಷೆಗಳೂ ಇದ್ದವು. ಜೀಕಿಲ್ 1932ರಲ್ಲಿ ತೀರಿಕೊಂಡ ಬಳಿಕ ಅವು ಚೆದುರಿಹೋಗಬಾರದೆಂದು ಫರಾಂಡ್ ತಮ್ಮ ಹಣ ಕೊಟ್ಟು ಕೊಂಡಿದ್ದರು. ಜೀಕಿಲ್‌ರ ತೋಟವೊಂದನ್ನು ಮೊದಲಿನಂತೆ ಮಾಡಲು ಹೊರಡುವವರು ಇಂದಿಗೂ ಆ ನಕ್ಷೆಗಳನ್ನೇ ಬಿಡಿಸಿ ನೋಡುತ್ತಾರೆ, ಯಾವ ಪಾತಿಯಲ್ಲಿ ಯಾವ ಗಿಡವಿತ್ತೆಂದು ಅಲ್ಲಿಂದಲೇ ಗುರುತು ಹಾಕಿಕೊಳ್ಳುತ್ತಾರೆ.